ಡೋಲಿನ ಪೆಟ್ಟು, ಕಾಲಿನ ಲೆಕ್ಕ

ಸಕಲೇಶಪುರದ ಕಡೆಯ ಒಂದೂರಿನ ಸುಗ್ಗಿಯಲ್ಲಿ ಮೊಬೈಲಿನಲ್ಲಿ ಹಿಡಿದುಕೊಂಡ ವಾಲಗವನ್ನು, ಸಂಗೀತದ ವೇಗ ಅಳೆಯುವ ಆ್ಯಪಿಗೆ ಕೊಟ್ಟೆ. ನಿಮಿಷಕ್ಕೆ 84 ಪೆಟ್ಟು ಎಂದಿತು. ಅದೇ ರೆಕಾರ್ಡಿಂಗಿನ ಮುಂದಿನ ತುಂಡಿಗೆ 168 ಎಂದಿತು. ಡೋಲಿನವರು ಕೈ ಜೋರು ಮಾಡಿರಲಿಲ್ಲ, ಕುಣಿಯುವವರ ಹೆಜ್ಜೆಯೂ ಬದಲಾಗಿರಲಿಲ್ಲ.

ನಗುವ ಮೊದಲು ಆ ಆ್ಯಪ್ ಮಾಡುವ ಕೆಲಸ ನೋಡಿ. ಸದ್ದನ್ನು ಸೆಕೆಂಡಿನ ನೂರನೇ ಒಂದು ಪಾಲಿನಷ್ಟು ಸಣ್ಣ ಚೂರು ಮಾಡಿ, ಎಲ್ಲೆಲ್ಲಿ ಅದು ಥಟ್ಟನೆ ಏರಿತೋ ಅಲ್ಲಲ್ಲಿ ಗುರುತು ಹಾಕುತ್ತದೆ. ಆ ಗುರುತಿನ ಸಾಲನ್ನು ಅದರ ಮೇಲೇ ತುಸುತುಸು ಸರಿಸುತ್ತಾ, ಎಷ್ಟು ಸರಿಸಿದರೆ ಒಂದರ ಮೇಲೊಂದು ಕೂರುತ್ತದೆಂದು ಹುಡುಕುತ್ತದೆ. ಕೂತ ಅಂತರದಿಂದ ವೇಗ ಸಿಕ್ಕಿತು. ಆದರೆ ಒಂದು ಅಂತರಕ್ಕೆ ಕೂತದ್ದು ಅದರ ಎರಡರಷ್ಟಕ್ಕೂ ಕೂರುತ್ತದೆ. ಹಾಗಾಗಿ ಇಮ್ಮಡಿಯ ಎಡವಟ್ಟು ಲೆಕ್ಕದೊಳಗೇ ಇದೆ. (ಶೀಟಿನ ಮಾಡಿನ ಕೆಳಗೆ ಆಷಾಢದಲ್ಲಿ ಹಿಡಿದ ಭಜನೆಯಾದರಂತೂ ಮುಗಿಯಿತು, ನಮ್ಮ ಮಳೆಯ ಹನಿಹನಿಯೂ ಅದಕ್ಕೆ ಪೆಟ್ಟೇ.)

ವೇಗವನ್ನು ಹೇಗೋ ತಿದ್ದಬಹುದು, ತಾಳ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ತಾಳ ಇರುವುದು ಗಾಯಕರ ತೊಡೆಯ ಮೇಲೆ. ಆದಿತಾಳದ ಎಂಟು ಎಣಿಕೆಯಲ್ಲಿ ಬೆರಳೆಣಿಕೆ, ಕೈ ಮಗುಚುವ ಹುಸಿ ಯಾವುದೂ ಮೈಕಿಗೆ ಸಿಗುವುದಿಲ್ಲ. ಹಾಡನ್ನು ಅನಾಗತದಲ್ಲಿ, ಅಂದರೆ ತಾಳ ಶುರುವಾದ ತುಸು ಹೊತ್ತಿನ ಮೇಲೆ, ಎತ್ತಿಕೊಂಡರೆ ಆವರ್ತದ (ತಾಳದ ಒಂದು ಸುತ್ತಿನ) ತಲೆ ಎಲ್ಲಿದೆಯೆಂದು ಸದ್ದೊಂದರಿಂದಲೇ ಹೇಳುವುದು ಕಷ್ಟ.

ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದ ಕಾಂಪ್‌ಮ್ಯೂಸಿಕ್ ಯೋಜನೆಯಲ್ಲಿ ಅಜಯ್ ಶ್ರೀನಿವಾಸಮೂರ್ತಿ ಅವರು ಈ ತೊಡಕನ್ನೇ ಕೈಗೆತ್ತಿಕೊಂಡು 2016ರಲ್ಲಿ ಪಿಎಚ್.ಡಿ. ಪ್ರಬಂಧ ಬರೆದರು. ಆದಿ, ರೂಪಕ, ಮಿಶ್ರಛಾಪು, ಖಂಡಛಾಪುಗಳ 176 ರೆಕಾರ್ಡಿಂಗುಗಳಲ್ಲಿ ಸಮ, ಅಂದರೆ ಆವರ್ತದ ತಲೆ, ಎಲ್ಲೆಲ್ಲಿ ಬೀಳುತ್ತದೆಂದು ಮನುಷ್ಯರು ಕೇಳಿ ಗುರುತು ಹಾಕಿದರು, ಯಂತ್ರ ಅದರಿಂದ ಕಲಿಯಿತು. ತಾಳ ಯಾವುದೆಂದು ಮೊದಲೇ ಹೇಳಿಕೊಟ್ಟರೆ ಜಾಡು ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಯಂತ್ರಕ್ಕೆ ತಾಳ ತಿಳಿಯುತ್ತದೆಯೇ ಎಂಬ ಪ್ರಶ್ನೆಗೆ ನನ್ನ ಮಟ್ಟಿಗೆ ಉತ್ತರ ಇಲ್ಲೇ ಇದೆ: ಯಂತ್ರಕ್ಕೆ ತಾಳ ಬಂದದ್ದು ತಾಳ ಬಲ್ಲವರು ಪಕ್ಕದಲ್ಲಿ ಕೂತದ್ದರಿಂದ.

ಶಾಸ್ತ್ರೀಯ ಸಂಗೀತಕ್ಕೆ ಹಾಗೆ ಕೂರುವವರಿದ್ದಾರೆ. ಸಂಗೀತಕ್ಕೇ ಹೆಸರಾದ ರುದ್ರಪಟ್ಟಣ ನಮ್ಮ ಹಾಸನ ಜಿಲ್ಲೆಯಲ್ಲೇ ಇದೆ. ಸುಗ್ಗಿಯ ಡೋಲಿನ ಲೆಕ್ಕ ಮಾತ್ರ ಬಾರಿಸುವವರ ಕೈಯಲ್ಲಿ, ಕುಣಿಯುವವರ ಕಾಲಲ್ಲಿ ಉಳಿದಿದೆ. ಮನೆಯಲ್ಲಿ ಆ ರೆಕಾರ್ಡಿಂಗನ್ನು ಮತ್ತೆ ಹಾಕಿ ಕೇಳಿದಾಗ ಸುತ್ತು ಎಲ್ಲಿ ತಿರುಗುತ್ತದೆಂದು ನನಗೂ ಹತ್ತಲಿಲ್ಲ. ಅವತ್ತು ಹೆಜ್ಜೆ ನೋಡುತ್ತಾ ನಿಂತಾಗ ಆ ಅನುಮಾನವೇ ಬಂದಿರಲಿಲ್ಲ.

ಮುಂದಿನ ಸುಗ್ಗಿಗೆ ಹೋಗುವವರು ಕ್ಯಾಮೆರಾವನ್ನು ಕುಣಿಯುವವರ ಕಾಲಿನ ಕಡೆಗೂ ತಿರುಗಿಸಿ. ಆಮೇಲೆ ಡೋಲಿನವರನ್ನೇ ಕೂರಿಸಿಕೊಂಡು, ಸುತ್ತು ಎಲ್ಲಿಂದ ಶುರು ಎಂದು ಕೇಳಿ ಬರೆದಿಡಿ.