ಸಾವಿರಾರು ಕೋಟಿಯ ಆನ್‌ಲೈನ್ ಗೇಮ್ 14 ದಿನಕ್ಕೇ ಬಂದ್ ಆಗುವುದು ಹೇಗೆ?

“3,300 ಕೋಟಿ ಸುರಿದು ಮಾಡಿದ ಗೇಮ್ 14 ದಿನಕ್ಕೆ ಬಂದ್! ಜನ ಬಹಿಷ್ಕಾರ ಹಾಕಿದರೆ ಎಂಥಾ ಕಂಪನಿಯೂ ಉಳಿಯಲ್ಲ. ಎಲ್ಲಾ ಗ್ರೂಪಿಗೂ ಕಳಿಸಿ.” ಈ ಧಾಟಿಯ ಫಾರ್ವರ್ಡ್‌ಗಳನ್ನು ನಂಜನಗೂಡು, ತಿ. ನರಸೀಪುರ ಕಡೆಯ ಓದುಗರು ನಮಗೆ ಕಳಿಸುತ್ತಿರುತ್ತಾರೆ. ಜೊತೆಗೆ ಒಂದೇ ಪ್ರಶ್ನೆ: ಇದು ನಿಜಾನಾ?

ಅರ್ಧ ನಿಜ. ಆ ಗೇಮ್‌ನ ಹೆಸರು ಕಾನ್ಕಾರ್ಡ್. ಪ್ಲೇಸ್ಟೇಷನ್ ಮಾರುವ ಸೋನಿ ಕಂಪನಿಯದು. 2024ರ ಆಗಸ್ಟ್ 23ರಂದು ಬಿಡುಗಡೆಯಾಯಿತು, ಸೆಪ್ಟೆಂಬರ್ 6ರಂದು ಸರ್ವರ್ ಬಂದ್ ಆಯಿತು. 14 ದಿನ ಎಂಬ ಲೆಕ್ಕ ಸರಿಯಾಗಿದೆ. ಕೊಂಡವರಿಗೆ ಸೋನಿ ಹಣ ವಾಪಸ್ ಕೊಟ್ಟಿತು. ಅಕ್ಟೋಬರ್ 29ರಂದು, ಆ ಗೇಮ್ ಮಾಡಿದ ಫೈರ್‌ವಾಕ್ ಸ್ಟುಡಿಯೊವನ್ನೇ ಮುಚ್ಚುವುದಾಗಿ ಹೇಳಿತು.

ಆದರೆ 3,300 ಕೋಟಿ ಎಂಬ ಅಂಕಿಗೆ ಗಟ್ಟಿ ಆಧಾರ ಇಲ್ಲ. 40 ಕೋಟಿ ಡಾಲರ್ ಎಂದು ಒಂದು ಪಾಡ್‌ಕಾಸ್ಟ್‌ನಲ್ಲಿ ಹೆಸರು ಹೇಳದ ಮೂಲವನ್ನು ನಂಬಿ ಆಡಿದ ಮಾತು ಅದು. ಅದನ್ನೇ ಯಾರೋ ರೂಪಾಯಿಗೆ ಬದಲಾಯಿಸಿದ್ದಾರೆ, ಅಷ್ಟೆ. ಸೋನಿ ಅದನ್ನು ಒಪ್ಪಿಲ್ಲ, ಬೇರೆ ಪತ್ರಕರ್ತರು ಅಲ್ಲಗಳೆದಿದ್ದಾರೆ. ಕೊಟಾಕು ಎಂಬ ಗೇಮ್ ಸುದ್ದಿತಾಣದ ವರದಿಯ ಪ್ರಕಾರ ಮೊದಲ ಒಪ್ಪಂದದ ಮೊತ್ತವೇ 20 ಕೋಟಿ ಡಾಲರ್ ದಾಟಿತ್ತು. ಅಂದರೆ ಸುಮಾರು 1,700 ಕೋಟಿ ರೂಪಾಯಿ. ಇಷ್ಟು ಹಣ ಮುಳುಗಿದ್ದೂ ಸಣ್ಣ ವಿಷಯವಲ್ಲ. ಫಾರ್ವರ್ಡ್ ಮಾಡುವವರಿಗೆ ಮಾತ್ರ ಇದು ಯಾಕೋ ಸಾಲುವುದಿಲ್ಲ.

ಇನ್ನು ಬಹಿಷ್ಕಾರದ ಮಾತು. ಪಾತ್ರಗಳ ರೂಪ, ವೇಷ ಹಿಡಿಸಲಿಲ್ಲ ಎಂದವರು ಬಹಳ ಮಂದಿ ಇದ್ದದ್ದು ನಿಜ. ಆದರೆ ಬಹಿಷ್ಕಾರ ಹಾಕಬೇಕಾದರೆ ಮೊದಲು ಜನಕ್ಕೆ ಗೇಮ್ ಗೊತ್ತಿರಬೇಕಲ್ಲ? ಕಂಪ್ಯೂಟರ್‌ನಲ್ಲಿ ಗೇಮ್ ಮಾರುವ ಸ್ಟೀಮ್ ಎಂಬ ತಾಣದಲ್ಲಿ ಕಾನ್ಕಾರ್ಡನ್ನು ಒಂದೇ ಹೊತ್ತಿಗೆ ಆಡಿದವರ ಗರಿಷ್ಠ ಸಂಖ್ಯೆ 697. ಇಡೀ ಜಗತ್ತಿನಿಂದ! ಹೆಚ್ಚಿನವರು ಅದನ್ನು ಬೇಡ ಎನ್ನುವಷ್ಟೂ ತಲೆ ಕೆಡಿಸಿಕೊಂಡಿರಲಿಲ್ಲ.

ತುಂಬದೆ ಹೊರಡದ ಆಟೊ

ನಂಜನಗೂಡಿನ ಸ್ಟ್ಯಾಂಡಿನಲ್ಲಿ ಶೇರ್ ಆಟೊ ಹತ್ತಿದ್ದೀರಿ ಅಂದುಕೊಳ್ಳಿ. ನೀವೊಬ್ಬರೇ ಕೂತಿದ್ದೀರಿ. ಡ್ರೈವರ್ “ಇನ್ನೊಂದು ನಾಲ್ಕು ಜನ ಬರಲಿ ಸಾರ್, ಹೊರಟುಬಿಡೋಣ” ಅನ್ನುತ್ತಾನೆ. ಐದು ನಿಮಿಷ ಕಾಯುತ್ತೀರಿ, ಹತ್ತು ನಿಮಿಷ ಕಾಯುತ್ತೀರಿ. ಆಮೇಲೆ ಇಳಿದು ಬಸ್ಸಿನ ಕಡೆ ಹೋಗುತ್ತೀರಿ. ನಿಮ್ಮ ಹಿಂದೆ ಬಂದವನು ಖಾಲಿ ಆಟೊ ನೋಡಿ ಹತ್ತುವುದೇ ಇಲ್ಲ. ಆಟೊ ಹೊಸದಾಗಿದೆ, ಸೀಟು ಮೆತ್ತಗಿದೆ, ಡ್ರೈವರ್ ಒಳ್ಳೆಯವನು, ಆದರೂ ಅದು ಹೊರಡುವುದಿಲ್ಲ.

ಹಲವರು ಸೇರಿ ಆಡುವ ಆನ್‌ಲೈನ್ ಗೇಮ್ ನಡೆಯುವುದು ಹೀಗೆಯೇ. ಕಾನ್ಕಾರ್ಡ್ ಐದು ಜನರ ಎದುರು ಐದು ಜನ ಆಡುವ ಗೇಮ್. ಒಂದು ಆಟ ಶುರುವಾಗಬೇಕಾದರೆ ಹತ್ತು ಜನ ಬೇಕು. ಯಾರಾದರೂ ಹತ್ತು ಜನ ಇದ್ದರೆ ಸಾಲದು. ಒಂದೇ ಮಟ್ಟದ ಆಟಗಾರರಾಗಬೇಕು, ಇಲ್ಲದಿದ್ದರೆ ಹೊಸಬರು ಹೊಡೆತ ತಿಂದು ಓಡಿಹೋಗುತ್ತಾರೆ. ಒಂದೇ ಬಗೆಯ ಆಟ ಆರಿಸಿಕೊಂಡಿರಬೇಕು. ಸರ್ವರ್‌ಗೆ ತೀರಾ ದೂರ ಇರಬಾರದು, ದೂರವಾದಷ್ಟೂ ಆಟ ತಡವರಿಸುತ್ತದೆ. ಇಷ್ಟು ಜಾಲರಿಯಲ್ಲಿ ಸೋಸಿದ ಮೇಲೆ 697 ಜನರಲ್ಲಿ ನಿಮಗೆ ಎಷ್ಟು ಮಂದಿ ಸಿಗುತ್ತಾರೆ? ಪ್ಲೇಸ್ಟೇಷನ್‌ನವರನ್ನು ಸೇರಿಸಿಕೊಂಡರೂ ಸಾಲದೇ ಹೋಯಿತು.

ಒಂಟಿಯಾಗಿ ಆಡುವ ಗೇಮ್‌ಗೆ ಈ ಕಷ್ಟ ಇಲ್ಲ. ಅದು ಪುಸ್ತಕದ ಹಾಗೆ. ಸಾವಿರ ಜನ ಕೊಂಡರೆ ಸಾವಿರ ಜನರೂ ಓದಬಹುದು, ನಿಧಾನಕ್ಕೆ ಹೆಸರು ಬಂದು ಮೂರನೇ ವರ್ಷ ಮಾರಾಟವಾದರೂ ಆಯಿತು. ಆನ್‌ಲೈನ್ ಗೇಮ್‌ಗೆ ಕಾಯುವ ಅವಕಾಶವೇ ಕಡಿಮೆ. ಮೊದಲ ವಾರಗಳಲ್ಲಿ ಜನ ಸೇರದಿದ್ದರೆ, ಜನ ಇಲ್ಲ ಎಂಬ ಕಾರಣಕ್ಕೇ ಇದ್ದವರೂ ಬಿಡುತ್ತಾರೆ. ಹಾಗಾಗಿ ಇಂಥ ಗೇಮ್ ಸ್ವಲ್ಪ ಸೋಲುವುದು ಅಪರೂಪ, ಸೋತರೆ ಪೂರ್ತಿ ಸೋಲುತ್ತದೆ.

ಜೊತೆಗೆ ಕಾನ್ಕಾರ್ಡ್ ಆಟೊಗೆ 40 ಡಾಲರ್ ಟಿಕೆಟ್ ಬೇರೆ ಇತ್ತು. ಪಕ್ಕದಲ್ಲೇ ಅದೇ ದಾರಿಯ ಪುಕ್ಕಟೆ ಗಾಡಿಗಳು ತುಂಬಿ ಹೊರಡುತ್ತಿದ್ದವು. 2016ರಲ್ಲಿ ಓವರ್‌ವಾಚ್ ಬಂದಾಗ ಅದಕ್ಕೆ ಹಣ ಕೊಡಬೇಕಿತ್ತು, 2022ರಲ್ಲಿ ಅದರ ಎರಡನೇ ಆವೃತ್ತಿ ಪುಕ್ಕಟೆಯಾಯಿತು. ಕಾನ್ಕಾರ್ಡ್ ಮುಚ್ಚಿ ಮೂರು ತಿಂಗಳಿಗೆ ಬಂದ ಮಾರ್ವೆಲ್ ರೈವಲ್ಸ್ ಕೂಡ ಪುಕ್ಕಟೆ. ಮೂರೇ ದಿನದಲ್ಲಿ ಅದಕ್ಕೆ ಒಂದು ಕೋಟಿ ಆಟಗಾರರು ಬಂದರು.

ಹಾಗಾದರೆ ಇದನ್ನು ಮಾಡಿದವರಿಗೆ ಬುದ್ಧಿ ಇರಲಿಲ್ಲವೇ? ಇತ್ತು. ಕೈಕೊಟ್ಟಿದ್ದು ಸಮಯ. ನಮ್ಮ ಕಡೆ ಬಾಳೆಗೆ ಒಂದು ವರ್ಷ ಒಳ್ಳೆ ರೇಟು ಸಿಕ್ಕಿದರೆ ಮುಂದಿನ ವರ್ಷ ಅಕ್ಕಪಕ್ಕದವರೆಲ್ಲ ಬಾಳೆಯನ್ನೇ ಹಾಕುತ್ತಾರೆ, ಗೊನೆ ಕೊಯ್ಯುವ ಹೊತ್ತಿಗೆ ರೇಟು ನೆಲ ಕಂಡಿರುತ್ತದೆ. ಬಾಳೆಗೆ ಒಂದು ವರ್ಷ ಸಾಕು. ದೊಡ್ಡ ಗೇಮ್‌ಗೆ ಐದಾರು ವರ್ಷ ಬೇಕು. ಯಾರೋ ಗೆದ್ದದ್ದನ್ನು ನೋಡಿ ಇವತ್ತು ಶುರು ಮಾಡಿದವನು ಸಂತೆಗೆ ಬರುವಾಗ ಗೆದ್ದವನು ಬೇರೂರಿರುತ್ತಾನೆ, ನಕಲು ಮಾಡಿದವರು ಹತ್ತು ಮಂದಿ ಆಗಿರುತ್ತಾರೆ. ಆಟಗಾರನ ದಿನದಲ್ಲಿ ಇರುವುದು ಅದೇ ಎರಡು ಮೂರು ಗಂಟೆ. ನಿಮ್ಮ ಮನೆಯ ಹುಡುಗನ ಸ್ನೇಹಿತರೆಲ್ಲ ಬಿಜಿಎಂಐನಲ್ಲಿದ್ದರೆ, ಇನ್ನೊಂದು ಗೇಮ್ ಎಷ್ಟೇ ಚೆನ್ನಾಗಿದ್ದರೂ ಅವನೊಬ್ಬನೇ ಅಲ್ಲಿಗೆ ಹೋಗಿ ಏನು ಮಾಡಬೇಕು?

ಬೆಂಗಳೂರಿಗೆ ಬಡಿದ ಅಲೆ

ಇದೆಲ್ಲ ಅಮೆರಿಕ, ಜಪಾನಿನ ಕಥೆ, ನಮಗೇನು ಅನ್ನುವವರು ಧ್ರುವ ಇಂಟರಾಕ್ಟಿವ್ ಕಥೆ ಕೇಳಬೇಕು. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಕಂಪನಿ ಅದು, ಭಾರತದ ಅತಿ ಹಳೆಯ ಗೇಮ್ ಸ್ಟುಡಿಯೊಗಳಲ್ಲಿ ಒಂದು. ಫೋರ್ಜಾ, ಹೇಲೊ 5ರಂಥ ಹೆಸರಾಂತ ಗೇಮ್‌ಗಳ ಕಲಾಕೆಲಸ ಇಲ್ಲಿ ನಡೆದಿದೆ. ಬೇರೆಯವರ ಗೇಮ್‌ಗೆ ಕೆಲಸ ಮಾಡಿಕೊಟ್ಟು ಕೂಲಿ ಪಡೆಯುವುದು ಇದರ ಮುಖ್ಯ ಆದಾಯ. ಮಿಂಚುವ ವ್ಯಾಪಾರವಲ್ಲ, ಆದರೆ ಒಬ್ಬ ಗಿರಾಕಿ ಹೋದರೆ ಇನ್ನೊಬ್ಬ ಇರುತ್ತಾನೆ.

2016ರ ಕೊನೆಯಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಝ್ ಕಂಪನಿ ಧ್ರುವದ ಬಹುಪಾಲು ಶೇರು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಆಗ ಸ್ಟಾರ್‌ಬ್ರೀಝ್ ಕೈಯಲ್ಲಿ ಹಣ ಓಡಾಡುತ್ತಿತ್ತು. 2013ರಲ್ಲಿ ಬಂದ ಪೇಡೇ 2, ನಾಲ್ವರು ಸೇರಿ ಬ್ಯಾಂಕ್ ದರೋಡೆ ಮಾಡುವ ಗೇಮ್, ವರ್ಷಗಟ್ಟಲೆ ದುಡಿಯುತ್ತಿತ್ತು. ಆ ದುಡಿಮೆಯನ್ನು ನಂಬಿ ಕಂಪನಿ ಎಲ್ಲಕ್ಕೂ ಕೈ ಹಾಕಿತು. ತಲೆಗೆ ಹಾಕಿಕೊಳ್ಳುವ ವಿಆರ್ ಸಾಧನ ಮಾಡಲು ಹೊರಟಿತು, ಬೇರೆಯವರ ಗೇಮ್‌ಗಳಿಗೆ ಬಂಡವಾಳ ಹಾಕಿತು, ಗೇಮ್ ಕಟ್ಟುವ ಎಂಜಿನ್ ಒಂದನ್ನು ಕೊಂಡಿತು. ಎಲ್ಲಕ್ಕಿಂತ ದೊಡ್ಡ ಪಣ ಓವರ್‌ಕಿಲ್ಸ್ ದಿ ವಾಕಿಂಗ್ ಡೆಡ್ ಎಂಬ ಆನ್‌ಲೈನ್ ಗೇಮ್. ಟಿವಿ ಸರಣಿಯಿಂದ ಮನೆಮಾತಾದ ಹೆಸರು, ನಾಲ್ವರು ಸೇರಿ ನಡೆದಾಡುವ ಹೆಣಗಳ ವಿರುದ್ಧ ಹೋರಾಡುವ ಆಟ.

2014ರಲ್ಲಿ ಘೋಷಣೆ ಆಯಿತು. 2016ಕ್ಕೆ ಬರುತ್ತದೆ ಎಂದರು, 2017 ಎಂದರು, ಕೊನೆಗೆ 2018ರ ನವೆಂಬರ್ 6ರಂದು ಬಂತು. ನಡುವೆ, ಕೊಂಡಿದ್ದ ಎಂಜಿನ್ ಕೆಲಸಕ್ಕೆ ಬಾರದೆ ಬೇರೆಯದಕ್ಕೆ ಬದಲಾಯಿಸಿದ್ದರು. ಮನೆ ಅರ್ಧ ಎದ್ದ ಮೇಲೆ ಪಾಯ ಬದಲಾಯಿಸಿದ ಹಾಗೆ! ತಡವಾದ ಪ್ರತಿ ತಿಂಗಳೂ ನೂರಾರು ಜನರ ಸಂಬಳ ಹೋಗುತ್ತಲೇ ಇರುತ್ತದೆ. ಗೇಮ್‌ನ ಖರ್ಚು ಎಂದರೆ ಬಹುತೇಕ ಸಂಬಳವೇ, ಆದಾಯ ಮಾತ್ರ ಬಿಡುಗಡೆಯ ದಿನದವರೆಗೆ ಸೊನ್ನೆ.

ಮಾರಾಟ ಬಿದ್ದುಹೋಯಿತು. ಬಿಡುಗಡೆಯಾಗಿ ಒಂದು ತಿಂಗಳೂ ಆಗಿರಲಿಲ್ಲ, ಡಿಸೆಂಬರ್ 3ರಂದು ಸ್ಟಾರ್‌ಬ್ರೀಝ್ ಸಾಲಗಾರರಿಂದ ರಕ್ಷಣೆ ಕೋರಿ ಸ್ಟಾಕ್‌ಹೋಮ್‌ನ ಕೋರ್ಟಿಗೆ ಹೋಯಿತು. 2019ರ ಫೆಬ್ರವರಿಯಲ್ಲಿ ವಾಕಿಂಗ್ ಡೆಡ್ ಹೆಸರಿನ ಹಕ್ಕುದಾರರು ಒಪ್ಪಂದ ಮುರಿದುಕೊಂಡರು. ಆಮೇಲೆ ಮನೆ ಸಾಮಾನು ಮಾರುವ ಸರದಿ. 2019ರ ಮೇ ತಿಂಗಳಲ್ಲಿ ಧ್ರುವದ ಶೇ. 91.82 ಪಾಲನ್ನು 79 ಲಕ್ಷ ಡಾಲರ್‌ಗೆ, ಆಗಿನ ಲೆಕ್ಕದಲ್ಲಿ 55 ಕೋಟಿ ರೂಪಾಯಿಯ ಆಸುಪಾಸಿಗೆ, ಜಿಟಿಎ ಗೇಮ್ ಮಾಡುವ ರಾಕ್‌ಸ್ಟಾರ್‌ಗೆ ಮಾರಿತು.

ಧ್ರುವದ ಕೆಲಸ ಚೆನ್ನಾಗಿಲ್ಲ ಅಂತ ಮಾರಿದ್ದಲ್ಲ. ಚೆನ್ನಾಗಿದ್ದ ಕಾರಣಕ್ಕೇ ಅದಕ್ಕೆ ಗಿರಾಕಿ ಸಿಕ್ಕಿದ್ದು. ರಾಕ್‌ಸ್ಟಾರ್‌ಗೆ ಬೆಂಗಳೂರಿನಲ್ಲಿ ಆಗಲೇ ಸ್ಟುಡಿಯೊ ಇತ್ತು, ಧ್ರುವದ ತಂಡ ಅದರೊಳಗೆ ಸೇರಿತು. ಕೆಲಸ ಉಳಿದದ್ದು ಅದೃಷ್ಟ. ಇಪ್ಪತ್ತೆರಡು ವರ್ಷದ ಹೆಸರು ಮಾತ್ರ ಹೋಯಿತು.

ಮಗನೋ ಮಗಳೋ ಗೇಮ್ ಆರ್ಟ್ ಕಲಿಯುತ್ತೇನೆ ಎಂದು ನಂಜನಗೂಡಿನಿಂದ ಮೈಸೂರಿಗೋ ಬೆಂಗಳೂರಿಗೋ ಹೊರಟಿರುವ ಮನೆಗಳಲ್ಲಿ ಈ ಕಥೆ ಗೊತ್ತಿರುವುದು ಒಳ್ಳೆಯದು. “ಗೇಮಿಂಗ್‌ನಲ್ಲಿ ಲಕ್ಷ ಲಕ್ಷ ಸಂಬಳ” ಎಂಬ ಫಾರ್ವರ್ಡೂ ಬರುತ್ತದೆ, “ಗೇಮಿಂಗ್ ಮುಗೀತು, ಎಲ್ಲಾ ಬಂದ್” ಎಂಬುದೂ ಬರುತ್ತದೆ. ಸೇರುವ ಕಂಪನಿಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಸಂಬಳದ ಹಣ ಎಲ್ಲಿಂದ ಬರುತ್ತದೆ? ಹತ್ತು ಗಿರಾಕಿಗಳಿಂದಲೋ, ಇನ್ನೂ ಬಿಡುಗಡೆಯಾಗದ ಒಂದು ಗೇಮ್‌ನಿಂದಲೋ? ಯಜಮಾನ ಕಂಪನಿ ಯಾವುದರ ಮೇಲೆ ಪಣ ಕಟ್ಟಿದೆ?

ಜನ ಬಂದರೂ ಕಷ್ಟವೇ

ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತದೆ, 2025ರ ಫೆಬ್ರವರಿಯಲ್ಲೂ ನಡೆಯಿತು. ಆ ಮೂರು ದಿನಕ್ಕೆ ಬೇಕಾಗುವ ನೀರು, ದಾರಿ, ಪೊಲೀಸ್ ಬಂದೋಬಸ್ತು ಉಳಿದ ಮೂರು ವರ್ಷಕ್ಕೆ ಬೇಕಿಲ್ಲ. ಆದರೆ ಆ ದಿನಕ್ಕೆ ಇಲ್ಲದಿದ್ದರೆ ಅನಾಹುತ. ಆನ್‌ಲೈನ್ ಗೇಮ್‌ನ ಬಿಡುಗಡೆಯೂ ಒಂದು ಕುಂಭಮೇಳ. ಸರ್ವರ್ ಹೆಚ್ಚು ಹಿಡಿದರೆ ಬಾಡಿಗೆ ದಂಡ, ಕಡಿಮೆ ಹಿಡಿದರೆ ಬಂದವರು ಬೈದುಕೊಂಡು ಹಿಂತಿರುಗುತ್ತಾರೆ. ಅದೇ ಸ್ಟಾರ್‌ಬ್ರೀಝ್, ಸಾಲದಿಂದ ಎದ್ದು ಬಂದು, 2023ರ ಸೆಪ್ಟೆಂಬರ್ 21ರಂದು ಪೇಡೇ 3 ಬಿಟ್ಟಿತು. ಬಿಡುಗಡೆಯ ಹೊತ್ತಿಗೆ ಅದನ್ನು ಒಬ್ಬರೇ ಆಡಿದರೂ ಸರ್ವರ್‌ಗೆ ಸೇರಲೇಬೇಕಿತ್ತು. ಮೊದಲ ದಿನಗಳಲ್ಲಿ ಸರ್ವರ್ ಕುಸಿದು, ಹಣ ಕೊಟ್ಟವರು ಒಳಗೆ ಹೋಗಲಾರದೆ ಕೂತರು. ಸ್ವಲ್ಪ ದಿನದಲ್ಲೇ ಹತ್ತು ವರ್ಷ ಹಳೆಯ ಪೇಡೇ 2 ಆಡುವವರೇ ಸ್ಟೀಮ್‌ನಲ್ಲಿ ಹೆಚ್ಚಾದರು.

ನಮ್ಮ ಫೌ-ಜಿ ನೆನಪಿದೆಯೇ? 2020ರ ಸೆಪ್ಟೆಂಬರ್ 2ರಂದು ಪಬ್ಜಿ ನಿಷೇಧವಾಯಿತು. ಎರಡೇ ದಿನಕ್ಕೆ ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಫೌ-ಜಿ ಘೋಷಿಸಿತು, ಪ್ರಚಾರಕ್ಕೆ ಅಕ್ಷಯ್ ಕುಮಾರ್. ಸುಶಾಂತ್ ಸಿಂಗ್ ರಜಪೂತ್ ಅವರ ಯೋಜನೆಯನ್ನು ಕದ್ದದ್ದು ಎಂಬ ಸುಳ್ಳು ಫಾರ್ವರ್ಡ್ ಆಗ ಎಷ್ಟು ಓಡಾಡಿತೆಂದರೆ ಕಂಪನಿಯೇ ಅಲ್ಲಗಳೆಯಬೇಕಾಯಿತು. ಇದು ಕಾನ್ಕಾರ್ಡ್‌ನಷ್ಟು ದುಬಾರಿ ಗೇಮ್ ಅಲ್ಲ, ಇದರ ತೊಂದರೆ ಉಲ್ಟಾ. ಜನ ಮೊದಲೇ ಸಾಲುಗಟ್ಟಿದ್ದರು, 2021ರ ಜನವರಿ 26ರಂದು ಬಾಗಿಲು ತೆರೆದಾಗ ಒಳಗೆ ಹಲವರು ಸೇರಿ ಆಡುವ ಆಟವೇ ಸಿದ್ಧವಿರಲಿಲ್ಲ. ಗಾಲ್ವಾನ್ ಕಣಿವೆಯಲ್ಲಿ ಒಬ್ಬರೇ ಹೊಡೆದಾಡುವ ಭಾಗವಷ್ಟೇ ಇತ್ತು. ಒಂದು ಸ್ಟಾರ್‌ನ ರಿವ್ಯೂಗಳು ಸುರಿದವು. ಆ ಜುಲೈನಲ್ಲಿ ಪಬ್ಜಿಯೇ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು, ಹುಡುಗರು ಹಳೇ ಆಟೊ ಹತ್ತಿದರು.

ಒಂದು ಗೊಂದಲವನ್ನೂ ಬಿಡಿಸಿಬಿಡುತ್ತೇವೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆಯಿಂದ ಬಂದ್ ಆದದ್ದು ರಮ್ಮಿಯಂಥ, ಹಣ ಕಟ್ಟಿ ಆಡುವ ಆಟಗಳು. ಬೆಂಗಳೂರಿನ ಎಂಪಿಎಲ್‌ನಲ್ಲಿ ಕೆಲಸ ಹೋದದ್ದು ಆ ಕಾರಣಕ್ಕೆ. ಕಾನ್ಕಾರ್ಡ್, ಪೇಡೇ ಸೋತದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ಎರಡನ್ನೂ ಬೆರೆಸಿ “ಸರ್ಕಾರದ ಹೊಡೆತಕ್ಕೆ ಗೇಮ್ ಕಂಪನಿಗಳು ಮಟಾಷ್” ಎಂದು ಬರೆದ ಫಾರ್ವರ್ಡ್ ಬಂದರೆ ಮುಂದಕ್ಕೆ ಕಳಿಸಬೇಡಿ.

ಕೊಂಡ ಗೇಮ್ ಯಾರದ್ದು?

ಸ್ಟುಡಿಯೊ ಮುಳುಗಿದರೆ ಆಟಗಾರನ ಹಣದ ಗತಿ? ಕಾನ್ಕಾರ್ಡ್‌ನವರಿಗೆ ವಾಪಸ್ ಸಿಕ್ಕಿತು, ಎಲ್ಲರಿಗೂ ಹಾಗೆ ಸಿಗುವುದಿಲ್ಲ. ಯೂಬಿಸಾಫ್ಟ್ ಕಂಪನಿಯ ದಿ ಕ್ರೂ ಎಂಬ ಕಾರ್ ರೇಸಿನ ಗೇಮ್ 2014ರದ್ದು. 2024ರ ಮಾರ್ಚ್ 31ರಂದು ಅದರ ಸರ್ವರ್ ನಿಲ್ಲಿಸಿದರು. ಒಂಟಿಯಾಗಿ ಆಡುವ ಭಾಗವೂ ಸರ್ವರ್ ಇಲ್ಲದೆ ನಡೆಯುತ್ತಿರಲಿಲ್ಲ, ಹಾಗಾಗಿ ಡಿಸ್ಕ್ ಕೊಂಡು ಮನೆಯಲ್ಲಿಟ್ಟವರ ಕೈಯಲ್ಲೂ ಉಳಿದದ್ದು ಬರೀ ಡಿಸ್ಕ್. ಅದರ ಸಿಟ್ಟಿನಿಂದ ಹುಟ್ಟಿದ “ಸ್ಟಾಪ್ ಕಿಲ್ಲಿಂಗ್ ಗೇಮ್ಸ್” ಚಳವಳಿಯ ಮನವಿಗೆ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಇಂಥ ಗೇಮ್‌ಗೆ “ಕೊಳ್ಳಿ” ಎಂಬ ಬಟನ್ ಇಡುವ ಅಂಗಡಿ, ನಿಮಗೆ ಸಿಗುವುದು ಬಳಸುವ ಪರವಾನಗಿ ಮಾತ್ರ ಎಂದು ಅಲ್ಲೇ ತಿಳಿಸಬೇಕು.

ಮೊಬೈಲ್ ಗೇಮ್‌ನಲ್ಲಿ ಕೊಳ್ಳುವ ಗನ್‌ಗಳಿಗೆ, ಬಟ್ಟೆಗಳಿಗೆ, ಕಾಯಿನ್‌ಗಳಿಗೆ ಕೂಡ ಇದೇ ಮಾತು. ಅವು ಇರುವುದು ಕಂಪನಿಯ ಸರ್ವರ್‌ನಲ್ಲಿ, ನಿಮ್ಮ ಫೋನಿನಲ್ಲಿ ಅಲ್ಲ. ಮಗ ಹೊಸ ಗೇಮ್‌ಗೆ ಯುಪಿಐ ಪಿನ್ ಕೇಳಿದರೆ ಒಂದು ಚೂರು ತಡೆಯಿರಿ. ಅವನೇ ಸಂಜೆ ಏಳಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಆ ಗೇಮ್ ತೆರೆದು, ಎದುರಾಳಿಗಳು ಸಿಗಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಲಿ. ಮೂರು ಗಂಟೆಗೆ ಐದಾರು ನಿಮಿಷ ಕಾದರೂ ಆಟ ಶುರುವಾಗದಿದ್ದರೆ ಆ ಪಿನ್ ಒತ್ತಬೇಡಿ.