ಕೆಟ್ಟು ನಿಂತ ಕಾರನ್ನು ಕೊಳ್ಳಬಹುದೇ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿ ಹೋದರು. ಅವರ ಕಾಲದಲ್ಲಿ ಮೋಟಾರು ಕಾರು ಮನೆಮನೆಯ ಮಾತಾಗಿರಲಿಲ್ಲ. ಆಗಿದ್ದಿದ್ದರೆ ಕೆಟ್ಟು ನಿಂತ ಕಾರನ್ನು ಕೊಂಡು ನೋಡು ಎಂಬುದನ್ನೂ ಅದರೊಡನೆ ಸೇರಿಸುತ್ತಿದ್ದರೋ ಏನೋ. ಶಾಲೆಯ ವಾರ್ಷಿಕ ಸಂಚಿಕೆಗೆ ಕನ್ನಡ ಉಪಾಧ್ಯಾಯರು ಹಳಗನ್ನಡದ ಬಗೆಗೋ ಗಾದೆಗಳ ಬಗೆಗೋ ಬರೆಯುವುದು ವಾಡಿಕೆ. ಈ ಸಲ ಕಾರಿನ ವಿಷಯವೇ ಎಂದು ಪೋಷಕರು ಹುಬ್ಬೇರಿಸಬಾರದು. ಕಳೆದ ಬೇಸಿಗೆಯಲ್ಲಿ ಈ ಪ್ರಶ್ನೆ ನಮ್ಮ ಮನೆಯಲ್ಲಿಯೇ ಎದ್ದು, ಮೂರು ವಾರ ಊಟದ ಹೊತ್ತಿನ ನೆಮ್ಮದಿಯನ್ನು ಕೆಡಿಸಿತು. ಬೇರೆ ಮನೆಗಳಲ್ಲಿಯೂ ಇದೇ ಪ್ರಶ್ನೆ ಹಳೆಯ ಬೈಕಿನ ರೂಪದಲ್ಲೋ ಜೀಪಿನ ರೂಪದಲ್ಲೋ ಏಳುತ್ತಿದೆಯೆಂದು ತರಗತಿಯ ಮಕ್ಕಳ ಮಾತಿನಿಂದ ತಿಳಿದುಬಂದುದರಿಂದ ಬರೆಯಲು ಧೈರ್ಯ ಮಾಡಿದ್ದೇವೆ.

ನಮ್ಮ ಮಗ ಆಗಷ್ಟೇ ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ್ದ. ಅದಕ್ಕೆ ಮೊದಲು ಮೈಸೂರಿನ ಕಡೆ ಪ್ರವಾಸ ಹೋದಾಗ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಹಳೆಯ ಕಾರುಗಳನ್ನಿಟ್ಟು ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ ‘ಪಯಣ’ ವಸ್ತುಸಂಗ್ರಹಾಲಯವನ್ನು ನೋಡಿ ಬಂದಿದ್ದ. ಕನ್ನಡಿಯಂತೆ ಹೊಳೆಯುವ ಆ ಕಾರುಗಳು ಅವನ ತಲೆಯಲ್ಲಿ ಸಾಲಾಗಿ ನಿಂತುಬಿಟ್ಟವು. ಅಷ್ಟರಲ್ಲಿ ಗೂಡಲೂರಿಗೆ ಸ್ವಲ್ಪ ದೂರದ ಒಂದು ಚಹಾ ತೋಟದ ಮನೆಯ ಷೆಡ್ಡಿನಲ್ಲಿ 1987ರ ಪ್ರೀಮಿಯರ್ ಪದ್ಮಿನಿ ಕಾರೊಂದು ಟಾರ್ಪಾಲಿನ ಕೆಳಗೆ ಮಲಗಿದೆಯೆಂಬ ಸುದ್ದಿಯನ್ನು ಅವನ ಗೆಳೆಯ ತಂದ. ಅದರ ಯಜಮಾನರು ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಕಾರು ಓಡಿ ಅದಕ್ಕಿಂತ ಹೆಚ್ಚು ಕಾಲವಾಗಿತ್ತು. “ಇಪ್ಪತ್ತೆರಡು ಸಾವಿರ ಕೊಟ್ಟು ತೆಗೆದುಕೊಂಡು ಹೋಗಿ, ನನ್ನ ಕೋಳಿಗಳಿಗಾದರೂ ಜಾಗವಾಗಲಿ” ಎಂದರು ಆ ಮನೆಯ ಅಜ್ಜಿ.

ಇಪ್ಪತ್ತೆರಡು ಸಾವಿರಕ್ಕೆ ಕಾರು! ಈಗ ಒಳ್ಳೆಯ ಮೊಬೈಲ್ ಫೋನಿಗೂ ಅಷ್ಟು ಕೊಡುತ್ತಾರೆ ಎಂಬುದು ಮಗನ ವಾದ. ನಮ್ಮಲ್ಲಿ ಚೀಟಿ ಹಣ ನಲವತ್ತು ಸಾವಿರವಿದ್ದದ್ದು ನಿಜ. ಆದರೆ ಅದು ಮುಂಗಾರಿಗೆ ಮುಂಚೆ ಹಿತ್ತಲ ಕೋಣೆಯ ಷೀಟು ಬದಲಾಯಿಸಲೆಂದು ಇಟ್ಟಿದ್ದ ಹಣ. ಗೂಡಲೂರಿನ ಜೂನ್ ತಿಂಗಳ ಮಳೆಯನ್ನು ಕಂಡವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಣಕ್ಕಿಂತ ದೊಡ್ಡ ಮಾತೊಂದು ಇದರ ಹಿಂದೆ ಇತ್ತು. ಹನ್ನೊಂದನೆಯ ತರಗತಿಗೆ ವಿಜ್ಞಾನ ವಿಭಾಗ ಸೇರದೆ ಐಟಿಐಯಲ್ಲಿ ಮೋಟಾರು ಮೆಕ್ಯಾನಿಕ್ ಕಲಿಯುತ್ತೇನೆಂದು ಮಗ ಅದಾಗಲೇ ಎರಡು ಸಲ ಹೇಳಿದ್ದ. ನಮ್ಮ ಯಜಮಾನರು, “ಇಷ್ಟು ಓದಿಸಿದ್ದು ಕೈಗೆ ಗ್ರೀಸು ಮೆತ್ತಿಕೊಳ್ಳಲಿಕ್ಕಾ?” ಎಂದು ಗದರಿಕೊಂಡರು. ಬಸವಣ್ಣನವರ ಕಾಯಕ ತತ್ತ್ವದ ಮೇಲೆ ವರ್ಷವರ್ಷವೂ ತರಗತಿಯಲ್ಲಿ ಪ್ರಬಂಧ ಬರೆಸುವ ನಾವೂ ಆಗ ಹೌದೆಂದು ತಲೆಯಾಡಿಸಿದೆವು. ಆ ತಲೆಯಾಡಿಸಿದ್ದು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಪದ್ಮಿನಿಯ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು; ಅದಕ್ಕೂ ಕನ್ನಡ ನಾಡಿಗೂ ಒಂದು ನಂಟಿದೆ. ನಮ್ಮ ದೇಶದಲ್ಲಿಯೇ ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಹಾಕಿ, ಅದಕ್ಕಾಗಿ ಯೂರೋಪು ಅಮೆರಿಕಗಳನ್ನು ಸುತ್ತಿ ಬಂದವರು ಸರ್ ಎಂ. ವಿಶ್ವೇಶ್ವರಯ್ಯನವರು. ವಾಲಚಂದ್ ಹೀರಾಚಂದ್ ಎಂಬ ಉದ್ಯಮಿ ಅವರ ಜೊತೆ ನಿಂತರು, ಮೈಸೂರು ಸಂಸ್ಥಾನವೂ ಆಸಕ್ತಿ ತೋರಿತು. ಬ್ರಿಟಿಷ್ ಸರ್ಕಾರದ ಒತ್ತಾಸೆ ಮಾತ್ರ ದೊರೆಯಲಿಲ್ಲ. ಕೊನೆಗೆ 1944ರಲ್ಲಿ ವಾಲಚಂದರು ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿಯನ್ನು ಕಟ್ಟಿದರು. ಇಟಲಿಯ ಫಿಯೆಟ್ ಮಾದರಿಯಲ್ಲಿ ಅಲ್ಲಿ ತಯಾರಾಗುತ್ತಿದ್ದ ಕಾರಿಗೆ ಎಪ್ಪತ್ತರ ದಶಕದಲ್ಲಿ ಪದ್ಮಿನಿ ಎಂದು ಹೆಸರಾಯಿತು. ನಾಲ್ಕು ಸಿಲಿಂಡರಿನ 1089 ಸಿ.ಸಿ. ಎಂಜಿನ್, ಸ್ಟೀರಿಂಗಿನ ಪಕ್ಕದಲ್ಲೇ ಗೇರಿನ ಕೋಲು. ಮುಂಬಯಿಯ ರಸ್ತೆಗಳಲ್ಲಿ ಕಪ್ಪು ಹಳದಿ ಬಣ್ಣದ ಪದ್ಮಿನಿ ಟ್ಯಾಕ್ಸಿಗಳ ಓಡಾಟ 2023ರ ಅಕ್ಟೋಬರಿನ ಕೊನೆಗೆ ನಿಂತಿತು. ಇದನ್ನೆಲ್ಲ ಮಗನಿಗೆ ಹೇಳಿದವರು ನಾವೇ! ಬೇಡವೆನ್ನಬೇಕಾದವರು ಕತೆ ಹೇಳಿ ಆಸೆಗೆ ಎಣ್ಣೆ ಹೊಯ್ದಂತಾಯಿತು.

“ಅಮ್ಮಾ, ನೂರು ವರ್ಷದ ಮಾದರಿಯ ಉಗಿಬಂಡಿ ಮೇಟ್ಟುಪಾಳಯದಿಂದ ಕೂನೂರಿಗೆ ಇವತ್ತಿಗೂ ಹತ್ತುತ್ತಿಲ್ಲವೇ? ಮೂವತ್ತೆಂಟು ವರ್ಷದ ಕಾರು ಓಡುವುದಿಲ್ಲವೇ?” ಎಂದು ಅವನು ಕೇಳಿದಾಗ ತಕ್ಷಣ ಉತ್ತರ ಹೊಳೆಯಲಿಲ್ಲ. ಆಮೇಲೆ ಯೋಚಿಸಿದೆವು. ನಮ್ಮ ನೀಲಗಿರಿ ಬೆಟ್ಟದ ರೈಲು 1899ರಲ್ಲಿ ಕೂನೂರಿಗೂ 1908ರಲ್ಲಿ ಉದಕಮಂಡಲಕ್ಕೂ ಬಂತು. ಕಲ್ಲಾರಿನಿಂದ ಕೂನೂರಿನವರೆಗೆ ಹನ್ನೆರಡು ಅಡಿಗೆ ಒಂದು ಅಡಿಯಷ್ಟು ಕಡಿದಾದ ಏರು. ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿಕೊಂಡು ಎಂಜಿನ್ ಹತ್ತುತ್ತದೆ. ಆ ಎಂಜಿನ್ನುಗಳು ಸ್ವಿಟ್ಜರ್ಲೆಂಡಿನಿಂದ ಬಂದವು. ಅವು ಸವೆದಾಗ ತಿರುಚಿರಾಪಳ್ಳಿಯ ಪೊನ್‌ಮಲೈ ಕಾರ್ಯಾಗಾರದವರು ಅದೇ ಮಾದರಿಯ ಹೊಸ ಉಗಿ ಎಂಜಿನ್ನುಗಳನ್ನೇ ಮಾಡಿಕೊಟ್ಟರು. 2005ರಲ್ಲಿ ಈ ರೈಲು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಎಂಜಿನ್ ಹಳೆಯದೆಂಬುದೊಂದೇ ಇಲ್ಲಿನ ವಿಶೇಷವಲ್ಲ. ಅದರ ಹಿಂದೆ ಕೂನೂರಿನ ಷೆಡ್ಡಿದೆ, ನಕ್ಷೆಗಳಿವೆ, ಕೆಲಸ ಬಲ್ಲ ಕೈಗಳಿವೆ, ಸರ್ಕಾರದ ಬೊಕ್ಕಸವಿದೆ. ನಮ್ಮಲ್ಲಿ ಒಂದು ಸ್ಪಾನರು, ಅದೂ ಗ್ಯಾಸಿನ ಒಲೆಯದು.

ಒಂದು ಭಾನುವಾರ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋದೆವು. ಗೂಡಲೂರಿನಲ್ಲಿ ಎಲ್ಲರೂ ಅವರನ್ನು ಇಕ್ಕಾ ಎಂದೇ ಕರೆಯುತ್ತಾರೆ. ಅವರು ಮಲಯಾಳ, ತಮಿಳು, ಕನ್ನಡ ಮೂರನ್ನೂ ಬೆರೆಸಿ ಮಾತನಾಡುವವರು. ಬಾನೆಟ್ ಎತ್ತುವುದಕ್ಕೆ ಮೊದಲೇ ಮಂಡಿಯೂರಿ ಕಾರಿನ ತಳಕ್ಕೆ ಟಾರ್ಚು ಬಿಟ್ಟರು. ಬಾಗಿಲ ಕೆಳಗಿನ ಪಟ್ಟಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿದಾಗ ಅದು ಹಪ್ಪಳದ ಹಾಗೆ ಮುರಿಯಿತು. “ಎಂಜಿನ್ ಕಟ್ಟಿದ್ದರೂ ಚಿಂತೆಯಿಲ್ಲ ಟೀಚರೇ. ಪ್ಲಗ್ಗು ತೆಗೆದು ಎಣ್ಣೆ ಬಿಟ್ಟು ನಾಲ್ಕು ದಿವಸ ನೆನೆಸಿ ಕೈಯಲ್ಲಿ ತಿರುಗಿಸಬಹುದು. ಆದರೆ ಈ ತುಕ್ಕು ಇದೆಯಲ್ಲ, ಇದು ಎಷ್ಟು ತಿಂದಿದೆಯೆಂದು ಬಿಚ್ಚಿದ ಮೇಲೇ ಗೊತ್ತಾಗುವುದು” ಎಂದರು. ವೈರುಗಳನ್ನು ಇಲಿ ಕಡಿದಿತ್ತು. ಹಳೆಯ ಪೆಟ್ರೋಲು ಕಾರ್ಬ್ಯುರೇಟರಿನಲ್ಲಿ ಅಂಟಾಗಿ ಕೂತಿತ್ತು. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಇರುವುದರಿಂದ ಆ ಕಾಲದ ರಬ್ಬರು ಪೈಪುಗಳನ್ನೆಲ್ಲ ಬದಲಾಯಿಸಬೇಕೆಂದರು. ಟೈರು, ಬ್ಯಾಟರಿ, ರೇಡಿಯೇಟರು, ಬ್ರೇಕು. ಬಿಡಿಭಾಗಗಳಿಗೆ ಚೆನ್ನೈನ ಪುದುಪೇಟೆಗೋ ಬೆಂಗಳೂರಿನ ಜೆ.ಸಿ. ರಸ್ತೆಗೋ ಅಲೆಯಬೇಕು. ಒಂದೂವರೆ ಲಕ್ಷಕ್ಕೆ ಕಡಿಮೆಯಿಲ್ಲ ಎಂದು ಲೆಕ್ಕ ಹೇಳಿ, ಮಗನ ಮುಖ ನೋಡಿ ಒಂದು ಪ್ರಶ್ನೆ ಕೇಳಿದರು: “ಮೋನೇ, ನಿನಗೆ ಕಾರು ಓಡಿಸಬೇಕಾ, ಬಿಚ್ಚಿ ನೋಡಬೇಕಾ?”

ನಮ್ಮ ಅಭಿಪ್ರಾಯದಲ್ಲಿ ಕೆಟ್ಟ ಕಾರು ಕೊಳ್ಳಹೊರಟವರೆಲ್ಲ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದೇ. ಓಡಾಟಕ್ಕೆ ಕಾರು ಬೇಕಾದವನಿಗೆ ಕೆಟ್ಟ ಕಾರು ಅಗ್ಗವಲ್ಲ. ಅದೇ ಒಂದೂಮುಕ್ಕಾಲು ಲಕ್ಷಕ್ಕೆ ಈಗಲೇ ಓಡುತ್ತಿರುವ ಹಳೆಯ ಚಿಕ್ಕ ಕಾರು ಸಿಕ್ಕೀತು. ಕಲಿಯಬೇಕಾದವನ ಲೆಕ್ಕ ಬೇರೆ. ಅವನಿಗೆ ಕಾರು ಒಂದು ಪಠ್ಯಪುಸ್ತಕವಿದ್ದ ಹಾಗೆ, ಹರಿದಿದ್ದರೂ ಓದಬಹುದು. ಎರಡನ್ನೂ ಬೆರೆಸಿಕೊಂಡು, ಕಲಿತ ಹಾಗೂ ಆಯಿತು ಕಾರೂ ಆಯಿತು ಎಂದು ಹೊರಟವರ ಅಂಗಳದಲ್ಲಿಯೇ ನಾಲ್ಕು ಇಟ್ಟಿಗೆಗಳ ಮೇಲೆ ನಿಂತ, ಒಳಗೆ ಗಿಡ ಬೆಳೆದ ಕಾರುಗಳು ಕಾಣಸಿಗುವುದು.

ಕಾಗದಪತ್ರದ ಮಾತನ್ನು ಮಕ್ಕಳು ಬೇಸರವೆಂದು ಬಿಟ್ಟುಬಿಡುತ್ತಾರೆ. ಪೋಷಕರು ಬಿಡಬಾರದು. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆಯಲ್ಲಿ ತೇರ್ಗಡೆಯಾದರೆ ಐದೈದು ವರ್ಷಕ್ಕೆ ನವೀಕರಣ. 20 ವರ್ಷ ದಾಟಿದ ಕಾರಿಗೆ ಈ ನವೀಕರಣದ ಶುಲ್ಕವನ್ನು 2025ರಲ್ಲಿ ಹತ್ತು ಸಾವಿರಕ್ಕೆ ಏರಿಸಿದ್ದಾರೆ. ಪರಂಪರೆಯ ವಾಹನವೆಂದು ಬೇರೆ ನೋಂದಣಿ ಮಾಡಿಸುವ ನಿಯಮ 2021ರಲ್ಲಿ ಬಂತು. ಅದಕ್ಕೆ ವಾಹನಕ್ಕೆ 50 ವರ್ಷ ತುಂಬಿರಬೇಕು. ನಮ್ಮ ಪದ್ಮಿನಿ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಯಜಮಾನರು ತೀರಿಕೊಂಡಿದ್ದರಿಂದ ಮೊದಲು ವಾರಸುದಾರರ ಹೆಸರಿಗೆ ಆಗಿ ಆಮೇಲೆ ನಮ್ಮ ಹೆಸರಿಗೆ ಬರಬೇಕು. ಅಜ್ಜಿಯ ಮೂವರು ಮಕ್ಕಳು ಮೂರು ಊರಿನಲ್ಲಿ. ನೋಂದಣಿ ಪುಸ್ತಕ ಎಲ್ಲಿದೆಯೆಂದು ಅಜ್ಜಿಗೂ ನೆನಪಿಲ್ಲ.

ಇನ್ನು ನಮ್ಮ ಬೆಟ್ಟದ ಮಾತು. ಬಯಲುಸೀಮೆಯಲ್ಲಿ ಕಾರು ಕೆಟ್ಟರೆ ನಿಲ್ಲುತ್ತದೆ. ಇಲ್ಲಿ ಬ್ರೇಕು ಕೆಟ್ಟರೆ ನಿಲ್ಲುವುದಿಲ್ಲ. ಉದಕಮಂಡಲದಿಂದ ಕಲ್ಲಟ್ಟಿಯ ಮೂಲಕ ಮಸಿನಗುಡಿಗೆ ಇಳಿಯುವಾಗ 36 ಹೇರ್‌ಪಿನ್ ತಿರುವುಗಳು. ದೊಡ್ಡ ಗೇರಿನಲ್ಲಿ ಬಿಟ್ಟುಕೊಂಡು ಬರಿಯ ಬ್ರೇಕನ್ನೇ ತುಳಿಯುತ್ತ ಇಳಿದರೆ ಹಳೆಯ ಡ್ರಮ್ ಬ್ರೇಕುಗಳು ಕಾದು ಹಿಡಿತ ಬಿಡುತ್ತವೆ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುವಂಥದು. ವರ್ಷಗಟ್ಟಲೆ ಬದಲಾಯಿಸದಿದ್ದರೆ ಬಿಸಿಗೆ ಕುದಿದು, ಪೆಡಲು ತಳಕ್ಕೆ ಇಳಿದರೂ ಚಕ್ರ ಹಿಡಿಯುವುದಿಲ್ಲ. ಮಗ ರಿಪೇರಿ ಕಲಿಯುವ ಮೊದಲ ಬ್ರೇಕು ಈ ರಸ್ತೆಯಲ್ಲಿ ಪರೀಕ್ಷೆಗೆ ಇಳಿಯುವುದು ನಮಗೆ ಒಪ್ಪಿಗೆಯಾಗಲಿಲ್ಲ. ಅವನಿಗೆ 18 ತುಂಬುವವರೆಗೆ ಲೈಸೆನ್ಸೂ ಇಲ್ಲ. ಅಪ್ರಾಪ್ತ ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು ಎಂದು 2019ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿದೆ. ತೋಟದ ರಸ್ತೆಯಲ್ಲಿ ಹನ್ನೆರಡು ವರ್ಷದ ಹುಡುಗನ ಕೈಗೆ ಜೀಪು ಕೊಟ್ಟು ಹೆಮ್ಮೆಪಡುವ ತಂದೆಯರು ಇದನ್ನು ಗಮನಿಸಬೇಕು.

ಹೀಗಾಗಿ ನಾವು ಬೇಡವೆಂದೆವು. ಮಗ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಅವನು ಹೇಳಿದ ಮಾತು ಇಷ್ಟು: “ಕಾರು ಬೇಡ ಅಂದದ್ದಕ್ಕೆ ಬೇಜಾರಿಲ್ಲ. ಕೈಗೆ ಗ್ರೀಸು ಅಂದಿರಲ್ಲ, ಅದಕ್ಕೆ.” ನಮ್ಮ ಯಜಮಾನರು ತಟ್ಟೆಯಿಂದ ತಲೆಯೆತ್ತಲಿಲ್ಲ. ಆದರೆ ಮರುವಾರ ಐಟಿಐ ಅರ್ಜಿಯನ್ನು ತಂದುಕೊಟ್ಟವರು ಅವರೇ. ಕಾರನ್ನು ನಿರಾಕರಿಸುವುದಕ್ಕೆ ನಮ್ಮಲ್ಲಿ ಹತ್ತು ಕಾರಣಗಳಿದ್ದವು. ಹುಡುಗನ ಒಲವನ್ನು ನಿರಾಕರಿಸುವುದಕ್ಕೆ ಒಂದೂ ಇರಲಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ನಮ್ಮ ತಪ್ಪು.

ಹಿತ್ತಲ ಕೋಣೆಗೆ ಹೊಸ ಷೀಟು ಬಂತು, ಮಳೆಗೆ ಸೋರಲಿಲ್ಲ. ಮಗನೀಗ ಐಟಿಐ ವಿದ್ಯಾರ್ಥಿ. ಭಾನುವಾರ ಇಕ್ಕಾನ ಷೆಡ್ಡಿನ ಬಾಗಿಲಲ್ಲಿ ನಿಂತು ನೋಡುವುದಕ್ಕೆ ಅಪ್ಪಣೆಯುಂಟು. ಅಜ್ಜಿ ಆ ಕಾರನ್ನು ಗುಜರಿಯವರಿಗೆ ಕೊಟ್ಟ ದಿನ ಅವನೂ ಹೋಗಿದ್ದ. ಕೈಯಿಂದ ಮುನ್ನೂರು ರೂಪಾಯಿ ಕೊಟ್ಟು ಅದರ ಕಾರ್ಬ್ಯುರೇಟರನ್ನು ತಂದ. ನಮ್ಮ ಜಗಲಿಯಲ್ಲಿ ಹಳೆಯ ಸ್ಟೀಲು ಡಬ್ಬಿಯೊಂದರಲ್ಲಿ ಅದರ ಭಾಗಗಳು ಸೀಮೆಎಣ್ಣೆಯಲ್ಲಿ ನೆನೆಯುತ್ತಿವೆ. ಮೂರು ಸಲ ಬಿಚ್ಚಿ ಜೋಡಿಸಿದ್ದಾನೆ. ಪ್ರತಿಸಲವೂ ಒಂದು ಸಣ್ಣ ತಿರುಪು ಮಿಕ್ಕುತ್ತದೆ, ಅದು ಎಲ್ಲಿಯದೆಂದು ಇನ್ನೂ ಹುಡುಕುತ್ತಿದ್ದಾನೆ.