ಇಂಟೆಲ್ ಕಂಪ್ಯೂಟರಿಗೆ 'ಎಎಂಡಿ64' ಯಾಕೆ?

ನಮ್ಮೂರ ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿರುವ ಗೆಳೆಯ ಹೋದ ತಿಂಗಳು ತನ್ನ ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕಲು ಹೊರಟಿದ್ದ. ಒಳಗಿರುವುದು ಇಂಟೆಲ್ ಕೋರ್ 2 ಡುಯೋ. ವಿಂಡೋಸ್ ತೆವಳುತ್ತಿತ್ತು. ಪುಕ್ಕಟೆ ಸಿಗುವ ಡೆಬಿಯನ್ ಲಿನಕ್ಸ್ ಹಾಕೋಣ ಅಂತ ಫೈಲ್ ಪಟ್ಟಿ ತೆರೆದರೆ 'ಎಎಂಡಿ64' ಅಂತಿತ್ತು. ಎಎಂಡಿ ಬೇರೆ ಕಂಪನಿ, ನಂದು ಇಂಟೆಲ್ ಅಂತ ಬಿಟ್ಟ. 'ಐ386' ಹುಡುಕಿದ. 2025ರಲ್ಲಿ ಬಂದ ಡೆಬಿಯನ್ 13ಕ್ಕೆ ಅದರ ಇನ್‌ಸ್ಟಾಲರೇ ಇಲ್ಲ. "ನನ್ನ ಮಿಷನ್ ಕಥೆ ಮುಗೀತು ಬಿಡು" ಅಂದ.

ಮುಗಿದಿರಲಿಲ್ಲ. ಹೆಸರು ಅವನನ್ನು ದಾರಿ ತಪ್ಪಿಸಿತ್ತು.

ಮಣ್ಣು ತೋಡುವ ಯಂತ್ರ ಯಾವ ಕಂಪನಿಯದಾದರೂ ನಾವು ಜೆಸಿಬಿ ಅನ್ನುತ್ತೇವಲ್ಲ, ಇದೂ ಹಾಗೇ. ಹಳೇ 32-ಬಿಟ್ ಪ್ರೊಸೆಸರನ್ನು 64-ಬಿಟ್‌ಗೆ ಬೆಳೆಸುವ ದಾರಿ ಹಾಕಿದ್ದು ಎಎಂಡಿ. ಅದರ ಆಪ್ಟೆರಾನ್ 2003ರಲ್ಲಿ ಬಂತು. ಮರುವರ್ಷ ಇಂಟೆಲ್ ಅದೇ ದಾರಿ ಹಿಡಿಯಿತು. ಹಾಗಾಗಿ ಡೆಬಿಯನ್‌ನಲ್ಲಿ ಇಬ್ಬರದ್ದಕ್ಕೂ 'ಎಎಂಡಿ64'. ವಿಂಡೋಸ್‌ನಲ್ಲಿ ಅದಕ್ಕೇ 'ಎಕ್ಸ್64' ಅನ್ನುತ್ತಾರೆ, ಕರ್ನಲ್ ಬರೆಯುವವರು 'ಎಕ್ಸ್86-64' ಅನ್ನುತ್ತಾರೆ. ಒಂದೇ ಮಗುವಿಗೆ ಮೂರು ಹೆಸರು.

ಯಂತ್ರ ಮತ್ತು ಆ್ಯಪ್‌ಗಳ ನಡುವೆ ನಿಂತು ಕೆಲಸ ಹಂಚುವ ತಂತ್ರಾಂಶವೇ ಕರ್ನಲ್. ಅದನ್ನು ಕಂಪೈಲ್ ಮಾಡುವಾಗ ಪ್ರೊಸೆಸರ್ ಯಾವ ಕುಟುಂಬದ್ದು ಅಂತ ಆರಿಸಬೇಕು: 486, 586, 686, ಹೀಗೆ. ಹೊಸ ಪ್ರೊಸೆಸರಿಗೆ ಹಳೇ ಆಜ್ಞೆಗಳು ಅರ್ಥವಾಗುತ್ತವೆ, ಹಳೆಯದಕ್ಕೆ ಹೊಸವು ಅರ್ಥವಾಗುವುದಿಲ್ಲ. ಅಂದರೆ ಆ ಹೆಸರು ಹೇಳುವುದು ಇಷ್ಟೇ: ಇದಕ್ಕಿಂತ ಹಳೆಯದು ನಡೆಯದೇ ಇರಬಹುದು. ಅದರಲ್ಲೂ ಪೂರ್ತಿ ನಂಬುವ ಹಾಗಿಲ್ಲ. ವಿಯಾ ಕಂಪನಿಯ ಮೊದಮೊದಲ ಸಿ3 ಚಿಪ್‌ಗಳು ತಮ್ಮನ್ನು 686ರ ಕುಟುಂಬ ಅಂತಲೇ ಹೇಳಿಕೊಳ್ಳುತ್ತಿದ್ದವು. ಆದರೆ 'ಸಿಮೂವ್' ಅನ್ನುವ ಒಂದು ಆಜ್ಞೆ ಅವಕ್ಕೆ ಬರುತ್ತಿರಲಿಲ್ಲ. 686ಕ್ಕೆ ಅಂತ ಕಂಪೈಲ್ ಮಾಡಿದ್ದು ಅಲ್ಲಿ ನಿಂತುಹೋಗುತ್ತಿತ್ತು.

ಹಳೆಯದನ್ನು ಕೈಬಿಡುವುದಕ್ಕೆ ನನ್ನ ತಕರಾರಿಲ್ಲ. ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಶುರು ಮಾಡಿದ್ದೇ 386 ಯಂತ್ರದ ಮೇಲೆ. 2012ರ ಡಿಸೆಂಬರಿನಲ್ಲಿ ಅದನ್ನೇ ಕರ್ನಲ್‌ನಿಂದ ತೆಗೆದರು. 486ಕ್ಕೆ ಇದ್ದ ಕೆಲವು ಆಜ್ಞೆಗಳು ಅದಕ್ಕೆ ಇರಲಿಲ್ಲ, ಅದೊಂದಕ್ಕಾಗಿ ತೇಪೆ ಹಾಕುತ್ತಲೇ ಇರಬೇಕಿತ್ತು. ಕಾರಣವನ್ನು ಎಲ್ಲರಿಗೂ ಕಾಣುವಂತೆ ಹೇಳಿಯೇ ತೆಗೆದರು.

ತಕರಾರು ಹೆಸರಿನದ್ದು. ಡೆಬಿಯನ್ 2017ರಿಂದಲೇ ಕನಿಷ್ಠ 686 ಕೇಳುತ್ತಿದೆ, ಆದರೂ ಹೆಸರು ಮಾತ್ರ 'ಐ386'. ನಿಜವಾದ 386ರಲ್ಲಿ 'ಐ386' ಓಡುವುದಿಲ್ಲ, ಇಂಟೆಲ್ ಇದ್ದವನು 'ಎಎಂಡಿ' ತೆಗೆದುಕೊಳ್ಳಬೇಕು! ಕೈಪಿಡಿಯಲ್ಲಿ ವಿವರಣೆ ಇದೆ, ನಿಜ. ಆದರೆ ಮೊಬೈಲ್ ಹಿಡಿದು ಫೈಲ್ ಹುಡುಕುವವನು ಕೈಪಿಡಿ ತೆರೆಯುತ್ತಾನೆಯೇ? ಫೈಲಿನ ಹೆಸರಲ್ಲೇ '64-ಬಿಟ್, ಇಂಟೆಲ್ ಮತ್ತು ಎಎಂಡಿ' ಅಂತ ಹಾಕಲು ಏನು ಕಷ್ಟ? ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ನಂಬಿಕೊಂಡವರು ನಮ್ಮ ಕಡೆ ಬಹಳ ಜನ. ಒಂದು ತಪ್ಪು ಹೆಸರಿಗೆ ಚೆನ್ನಾಗಿರುವ ಯಂತ್ರ ಗುಜರಿ ಸೇರುತ್ತದೆ.

ನಿಮ್ಮಲ್ಲಿ ವಿಂಡೋಸ್ 10 ಇದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ಗೆ ಹೋಗಿ ನೋಡಿ. 'ಎಕ್ಸ್64-ಬೇಸ್ಡ್ ಪ್ರೊಸೆಸರ್' ಅಂತಿದ್ದರೆ, ಚಿಪ್ ಯಾರದ್ದಾದರೂ ಸರಿ, ಎಎಂಡಿ64 ಫೈಲೇ ನಿಮ್ಮದು.

ಗೆಳೆಯನೂ ಅದನ್ನೇ ಹಾಕಿಕೊಂಡ. ಈಗ ಅದರಲ್ಲೇ ಪಹಣಿ ಪ್ರಿಂಟ್ ತೆಗೆದುಕೊಡುತ್ತಿದ್ದಾನೆ. ಫ್ಯಾನ್ ಸದ್ದು ಮಾತ್ರ ಹಾಗೇ ಇದೆ.